ಆನೆ ನೋಡೋಕೆ ಅಷ್ಟು ದೂರ ಯಾಕ್ರಪ್ಪಾ?

ನಾವು ಐದು ಜನ. ಒಂದೇ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದಿದವರು, ಒಂದೇ ಹಾಸ್ಟೆಲಿನ ಉಪ್ಪಿಟ್ಟು ತಿಂದು ಬೈದುಕೊಂಡವರು. ಐವರ ಊರೂ ನಾಗರಹೊಳೆ, ಬಂಡೀಪುರದ ಕಾಡಂಚಿನಲ್ಲೇ ಇವೆ. ಕೋರ್ಸು ಮುಗಿದ ವರ್ಷ ಒಂದು ಜಂಟಿ ಖಾತೆ ತೆರೆದು ತಿಂಗಳಿಗೆ ತಲಾ 2,500 ರೂಪಾಯಿ ಹಾಕಲು ಶುರು ಮಾಡಿದೆವು. ಮದುವೆಗೆ, ಬೈಕಿಗೆ, ಬೋರ್‌ವೆಲ್ಲಿಗೆ ಈ ದುಡ್ಡು ಮುಟ್ಟಬಾರದು ಅನ್ನುವುದು ಕರಾರು. ಆರು ವರ್ಷ ತುಂಬಿತು. ತಲಾ 1 ಲಕ್ಷ 80 ಸಾವಿರ ಆಯಿತು. ಈ ದುಡ್ಡಿಗೆ ಮೊದಲ ದಿನದಿಂದಲೂ ಇದ್ದದ್ದು ಒಂದೇ ಕೆಲಸ: ಆಫ್ರಿಕಾದ ಕಾಡು ನೋಡಿ ಬರುವುದು.

ಸಂಕ್ರಾಂತಿ ಕಳೆದ ಮೇಲೆ ಹೊರಡುತ್ತೇವೆ. ಈ ಬರಹ ಪ್ರವಾಸ ಕಥನ ಅಲ್ಲ, ಇನ್ನೂ ಹೋಗಿಲ್ಲ. ಹೋಗುವ ತಯಾರಿಯಲ್ಲಿ ನಾವು ಕಲಿತದ್ದು, ಜಗಳ ಆಡಿದ್ದು, ಕೊನೆಗೆ ದಾರಿ ಬದಲಿಸಿದ್ದು, ಇಷ್ಟನ್ನೇ ಬರೆಯುತ್ತಿದ್ದೇವೆ. ನಿಮ್ಮಲ್ಲಿ ಯಾರಿಗಾದರೂ ಇಂಥ ಆಸೆ ಇದ್ದರೆ ಕೆಲವು ಲೆಕ್ಕ ಉಪಯೋಗಕ್ಕೆ ಬರಬಹುದು. ಆಸೆ ಇಲ್ಲದಿದ್ದರೂ, ಹೊಲಕ್ಕೆ ಆನೆ ಬರುವ ಊರಿನವರು ನೀವಾಗಿದ್ದರೆ, ದಯವಿಟ್ಟು ಕೊನೆವರೆಗೆ ಓದಿ.

ಸಫಾರಿ ಅಂದರೆ ಪಯಣ

ಸಫಾರಿ ಅನ್ನುವುದು ಸ್ವಾಹಿಲಿ ಭಾಷೆಯ ಮಾತು. ಅದಕ್ಕೆ ಜೀಪಿನಲ್ಲಿ ಪ್ರಾಣಿ ನೋಡುವುದು ಎಂಬ ಅರ್ಥ ಇಲ್ಲ, ಬರೀ ಪ್ರಯಾಣ ಎಂದರ್ಥ. ಅರಬ್ಬಿಯ ಸಫರ್‌ನಿಂದ ಬಂದದ್ದು. ಸ್ವಾಹಿಲಿ ಕಲಿಯಲು ಕೂತರೆ ನಮಗೆ ಅರ್ಧ ನೆಂಟರ ಮನೆಗೆ ಹೋದಂತಾಯಿತು. ಅಲ್ಲಿ ವಾಹನಕ್ಕೆ ಗಾರಿ ಅನ್ನುತ್ತಾರೆ, ನಮ್ಮ ಗಾಡಿಯೇ. ಅಂಗಡಿಗೆ ದುಕಾ. ಒಂದು ಲಕ್ಷಕ್ಕೆ ಲಾಕಿ. ಚಪಾತಿಗೆ ಚಪಾತಿ, ಚಹಾಕ್ಕೆ ಚಾಯ್. ನೂರಾರು ವರ್ಷ ಸಮುದ್ರದ ಮೇಲೆ ವ್ಯಾಪಾರ ನಡೆದದ್ದರ ಗುರುತು ಇದು. ಸಿಂಹಕ್ಕೆ ಸಿಂಬಾ ಅನ್ನುವುದು ಮಾತ್ರ ಕಾಕತಾಳೀಯ, ಅದು ಅಲ್ಲಿಯದೇ ಬಂಟು ಭಾಷೆಯ ಪದ.

ಹೊತ್ತು ಲೆಕ್ಕ ಹಾಕುವ ರೀತಿಯೂ ನಮ್ಮ ಅಜ್ಜಂದಿರದ್ದರ ಹಾಗೇ ಇದೆ. ಸ್ವಾಹಿಲಿ ಗಡಿಯಾರ ಸೂರ್ಯ ಹುಟ್ಟುವುದರಿಂದ ಶುರು. ಬೆಳಗ್ಗೆ ಏಳು ಗಂಟೆ ಅಂದರೆ ಅವರಿಗೆ 'ಒಂದನೇ ಗಂಟೆ'. ಡ್ರೈವರ್ 'ಹನ್ನೆರಡಕ್ಕೆ ಬರ್ತೀನಿ' ಎಂದು ಸ್ವಾಹಿಲಿಯಲ್ಲಿ ಹೇಳಿದರೆ ಆರು ಗಂಟೆಗೇ ಎದ್ದು ಕೂತಿರಬೇಕು.

ಇನ್ನು ಕಾಡಿನ ಅಳತೆ. ನಮಗೆ ಗೊತ್ತಿರುವ ಅಳತೆಗೋಲು ಕೊಡಗು ಜಿಲ್ಲೆ, 4,102 ಚದರ ಕಿಲೋಮೀಟರ್. ತಾಂಜಾನಿಯಾದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನ 14,763 ಚದರ ಕಿಲೋಮೀಟರ್. ಕೀನ್ಯಾದ ತ್ಸಾವೋ ಪೂರ್ವ ಮತ್ತು ತ್ಸಾವೋ ಪಶ್ಚಿಮ, ಎರಡೂ ಸೇರಿದರೆ ಹತ್ತಿರ ಹತ್ತಿರ 21 ಸಾವಿರ ಚದರ ಕಿಲೋಮೀಟರ್. ಅಂದರೆ ಐದು ಕೊಡಗು ಒಟ್ಟಿಗೆ ಇಟ್ಟಷ್ಟು. ನೈರೋಬಿ ರಾಷ್ಟ್ರೀಯ ಉದ್ಯಾನ ಮಾತ್ರ ಚಿಕ್ಕದು, 117 ಚದರ ಕಿಲೋಮೀಟರ್. ಆದರೆ ಅದು ರಾಜಧಾನಿಗೆ ಅಂಟಿಕೊಂಡೇ ಇದೆ. 1946ರಲ್ಲಿ ಘೋಷಣೆಯಾದ ಕೀನ್ಯಾದ ಮೊದಲ ರಾಷ್ಟ್ರೀಯ ಉದ್ಯಾನ ಅದೇ.

ಅಲ್ಲಿ ಹುಲಿ ಇಲ್ಲ, ಕರಡಿ ಇಲ್ಲ, ನಮ್ಮ ಜಿಂಕೆ ಕಡವೆಗಳ ಜಾತಿಯೂ ಇಲ್ಲ. ಜಿಂಕೆಯ ಹಾಗೆ ಕಾಣುವುದೆಲ್ಲ ಹುಲ್ಲೆಯ ಜಾತಿ. ವ್ಯತ್ಯಾಸ ಕೊಂಬಿನಲ್ಲಿದೆ. ಜಿಂಕೆ ಕೊಂಬು ಉದುರಿ ಮತ್ತೆ ಬರುತ್ತದೆ, ಹುಲ್ಲೆಯದು ಹಸುವಿನ ಕೊಂಬಿನಂತೆ ಸಾಯುವವರೆಗೂ ಒಂದೇ. ಆನೆಯಲ್ಲೂ ವ್ಯತ್ಯಾಸ ಇದೆ. ಕಿವಿ ಮೊರದಗಲ ಅಲ್ಲ, ಮೊರದ ಮೂರರಷ್ಟು. ಹೆಣ್ಣಾನೆಗೂ ಉದ್ದ ದಂತ ಇರುತ್ತದೆ.

ಯಾವ ತಿಂಗಳು?

ಮೊದಲ ಜಗಳ ಇದರ ಮೇಲೆ. ಟಿವಿಯಲ್ಲಿ ನೀವೂ ನೋಡಿರುತ್ತೀರಿ: ಸಾವಿರಾರು ವಿಲ್ಡೆಬೀಸ್ಟ್‌ಗಳು ಧೂಳೆಬ್ಬಿಸಿಕೊಂಡು ಬಂದು ನದಿಗೆ ಧುಮುಕುತ್ತವೆ, ನೀರಿನಲ್ಲಿ ಮೊಸಳೆ ಕಾದಿರುತ್ತದೆ. ಮುಖ ಕತ್ತೆಯದು, ಗಡ್ಡ ಹೋತದ್ದು, ಕೊಂಬು ಹಸುವಿನದು ಅನ್ನುವಂತಿರುವ ಈ ಪ್ರಾಣಿಗಳು ಸುಮಾರು 13 ಲಕ್ಷ ಇವೆ. ಜತೆಗೆ ಲಕ್ಷಾಂತರ ಜೀಬ್ರಾ, ಗೆಜೆಲ್. ಮಳೆ ಹಿಂದೆ ಹುಲ್ಲು, ಹುಲ್ಲಿನ ಹಿಂದೆ ಇವು. ವರ್ಷವಿಡೀ ಗಡಿಯಾರದ ಮುಳ್ಳಿನಂತೆ ಸೆರೆಂಗೆಟಿ ಸುತ್ತಿ, ಜುಲೈ ಹೊತ್ತಿಗೆ ಉತ್ತರಕ್ಕೆ ಬಂದು ಮಾರಾ ನದಿ ದಾಟಿ ಕೀನ್ಯಾದ ಮಸಾಯಿ ಮಾರಾ ಸೇರುತ್ತವೆ. ಅಕ್ಟೋಬರ್ ಮುಗಿಯುವ ಹೊತ್ತಿಗೆ ಮರಳುತ್ತವೆ. ಜನವರಿಯಿಂದ ಮಾರ್ಚ್‌ವರೆಗೆ ಸೆರೆಂಗೆಟಿಯ ದಕ್ಷಿಣ ಬಯಲಿನಲ್ಲಿ ಕರು ಹಾಕುತ್ತವೆ.

ಪ್ರಾಣಿಗಳಿಗೆ ಗಡಿ ಇಲ್ಲ, ನಮಗೆ ಇದೆ. ಮಸಾಯಿ ಮಾರಾದಿಂದ ಸೆರೆಂಗೆಟಿಗೆ ವಿಲ್ಡೆಬೀಸ್ಟ್ ದಾಟುವ ಜಾಗದಲ್ಲಿ ಪ್ರವಾಸಿಗರಿಗೆ ದಾರಿ ಇಲ್ಲ. ಇಸೆಬಾನಿಯಾ ಅಥವಾ ನಮಾಂಗಾ ಗಡಿಠಾಣೆಗೆ ಸುತ್ತಿಕೊಂಡು ಹೋಗಬೇಕು. ಅಲ್ಲಿ ಗಾಡಿ ಬದಲಾಗುತ್ತದೆ, ಇನ್ನೊಂದು ವೀಸಾ ಬೇಕಾಗುತ್ತದೆ, ಒಂದು ದಿನ ಹೋಗುತ್ತದೆ.

ಮಳೆ ಲೆಕ್ಕವೂ ನಮ್ಮದರ ಹಾಗೇ ಎರಡು. ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ಅದಕ್ಕೆ ಮಸಿಕಾ ಅನ್ನುತ್ತಾರೆ. ನವೆಂಬರ್ ಆಸುಪಾಸಿನ ಚಿಕ್ಕ ಮಳೆ ವುಲಿ. ನಮ್ಮ ಮುಂಗಾರು ಹಿಂಗಾರಿನಂತೆಯೇ, ತಿಂಗಳು ಬೇರೆ. ಈ ಎರಡರ ನಡುವಿನ ಜನವರಿ, ಫೆಬ್ರವರಿಯಲ್ಲಿ ಬಿಸಿಲು, ತಿಳಿ ಆಕಾಶ.

ನಮ್ಮಲ್ಲಿ ಮೂವರಿಗೆ ಆಗಸ್ಟ್ ಬೇಕಿತ್ತು, ನದಿ ದಾಟುವುದು ನೋಡಬೇಕಿತ್ತು. ಇಬ್ಬರಿಗೆ ಜನವರಿ. ಆಗಸ್ಟಿನಲ್ಲಿ ಮನೆ ಬಿಟ್ಟರೆ ರಾಗಿ ಹೊಲದ ಕಳೆ ಯಾರು ತೆಗೆಯುತ್ತಾರೆ ಅನ್ನುವುದು ಅವರ ವಾದ. ದುಡ್ಡಿನ ವಾದವೂ ಇತ್ತು. ಮಸಾಯಿ ಮಾರಾಕ್ಕೆ ವಿದೇಶಿಯರು ಒಬ್ಬರು ಒಂದು ದಿನಕ್ಕೆ ಕಟ್ಟಬೇಕಾದ ಶುಲ್ಕ ಜನವರಿಯಿಂದ ಜೂನ್‌ವರೆಗೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. 2024ರಿಂದ ಜಾರಿಯಲ್ಲಿರುವ ದರ ಇದು. ಮಾರಾ ಹೆಸರಿಗೆ ರಾಷ್ಟ್ರೀಯ ಉದ್ಯಾನ ಅಲ್ಲ, ನಾರೋಕ್ ಕೌಂಟಿಯ ಆಡಳಿತದಲ್ಲಿರುವ ಮೀಸಲು ಪ್ರದೇಶ. ದರ ನಿಗದಿ ಮಾಡುವುದೂ ಅವರೇ.

ಒಂದು ತಿಂಗಳು ಈ ಜಗಳ ಬಗೆಹರಿಯಲಿಲ್ಲ. ಬಗೆಹರಿಸಿದ್ದು ನಮ್ಮಲ್ಲೊಬ್ಬನ ಚಿಕ್ಕಮ್ಮ.

ಚಿಕ್ಕಮ್ಮ ಕೇಳಿದ್ದು

ಊರಿನಲ್ಲಿ ವಿಷಯ ತಿಳಿದಾಗ ಎಲ್ಲರೂ ಕೇಳಿದ ಪ್ರಶ್ನೆ ಒಂದೇ. 'ಆನೆ ನೋಡೋಕೆ ಅಷ್ಟು ದೂರ ಯಾಕ್ರಪ್ಪಾ? ರಾತ್ರಿ ನಮ್ಮ ಹೊಲಕ್ಕೆ ಬನ್ನಿ, ಪುಕ್ಕಟೆ ತೋರಿಸ್ತೀವಿ.' ನಾವೂ ನಕ್ಕು ಸುಮ್ಮನಾಗುತ್ತಿದ್ದೆವು.

ಈ ಚಿಕ್ಕಮ್ಮ ಹಾಗೆ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಚಿಕ್ಕಪ್ಪ ರಾಗಿ ಕಾಯಲು ಅಟ್ಟಣೆಗೆ ಹೋಗಿದ್ದವರು, ಬೆಳಗಿನ ಜಾವ ಅಟ್ಟಣೆ ಇಳಿದು ಬರುವಾಗ ಆನೆಗೆ ಸಿಕ್ಕಿ ತೀರಿಕೊಂಡರು. ಹೆಣ ತಂದ ದಿನ ನಾವು ಐವರೂ ಅಲ್ಲಿದ್ದೆವು. ಆಮೇಲೆ ಆ ಮನೆಯಲ್ಲಿ ಆನೆ ಅನ್ನುವ ಮಾತನ್ನೇ ಯಾರೂ ಎತ್ತುತ್ತಿರಲಿಲ್ಲ. ದೊಡ್ಡದು ಅನ್ನುತ್ತಿದ್ದರು, ಅಷ್ಟೇ. ನಾವೂ ಟಿಕೆಟ್ಟು, ಪಾಸ್‌ಪೋರ್ಟು ಅಂತ ಅವರ ಎದುರು ಮಾತಾಡುತ್ತಿರಲಿಲ್ಲ.

ಅವರಿಗೆ ಹೇಗೋ ಗೊತ್ತಾಗಿತ್ತು. ಒಂದು ಸಂಜೆ ಅವರೇ ಕೇಳಿದರು.

'ಅಲ್ಲಿ ಊರು ಐತಾ, ಬರೀ ಕಾಡಾ?'

'ಊರು ಇದೆ ಚಿಕ್ಕಮ್ಮ. ಕಾಡಿನ ಸುತ್ತ ಎಲ್ಲಾ ಊರೇ.'

'ಜನ ಏನ್ ಬೆಳೀತಾರೆ?'

'ಜೋಳ. ಮುಸುಕಿನ ಜೋಳ. ಕೆಲವು ಕಡೆ ರಾಗೀನೂ.'

'ಹಂಗಾದ್ರೆ ದೊಡ್ಡದು ಅಲ್ಲೂ ಬತ್ತದೆ. ಅವರು ಏನ್ ಮಾಡ್ತಾರೆ, ಕೇಳ್ಕಂಡು ಬನ್ರಪ್ಪಾ. ಬರೀ ಪೋಟ ಹೊಡ್ಕಂಡು ಬರಬ್ಯಾಡಿ.'

ಅಷ್ಟೇ ಹೇಳಿದ್ದು. ಎದ್ದು ಹಸುವಿಗೆ ನೀರು ತೋರಿಸಲು ಹೋದರು.

ಆ ರಾತ್ರಿ ನಾವು ಮಾಡಿಟ್ಟಿದ್ದ ಪ್ಲಾನನ್ನು ಫೋನಿನಲ್ಲಿ ಮತ್ತೆ ತೆಗೆದು ನೋಡಿದೆವು. ಒಂಬತ್ತು ದಿನದಲ್ಲಿ ಒಬ್ಬ ರೈತನನ್ನಾದರೂ ಭೇಟಿ ಮಾಡುವ ದಿನ ಅದರಲ್ಲಿ ಇರಲಿಲ್ಲ. ಪತ್ರಿಕೋದ್ಯಮ ಓದಿದ ಐದು ಜನ, ಎಲ್ಲರೂ ಕಾಡಂಚಿನವರು. ಆಗಸ್ಟ್ ಬೇಕು ಅಂದ ಮೂವರಲ್ಲಿ ಇಬ್ಬರು ಅಲ್ಲೇ ಕೈಬಿಟ್ಟರು. ಒಬ್ಬಳು ಬಿಡಲಿಲ್ಲ. 'ಆರು ವರ್ಷ ಹೊಸ ಚಪ್ಪಲಿ ತಗೊಳದೆ ಕೂಡಿಟ್ಟಿದ್ದೀನಿ, ಆ ನದಿ ನೋಡೋ ಆಸೆ ತಪ್ಪಾ?' ಎಂದಳು. ತಪ್ಪಲ್ಲ. ಅವಳ ಪ್ರಶ್ನೆಗೆ ಇವತ್ತಿಗೂ ನಮ್ಮಲ್ಲಿ ಉತ್ತರ ಇಲ್ಲ. ಮೂರು ದಿನ ಗ್ರೂಪಿನಲ್ಲಿ ಮೆಸೇಜ್ ಹಾಕಲಿಲ್ಲ. ನಾಲ್ಕನೇ ದಿನ ಒಂದು ಪಟ್ಟಿ ಕಳಿಸಿದಳು. ಆನೆ ಮತ್ತು ರೈತರ ಬಗ್ಗೆ ಕೆಲಸ ನಡೆಯುತ್ತಿರುವ ಕೀನ್ಯಾದ ಊರುಗಳ ಪಟ್ಟಿ. ಮೊದಲನೆಯದೇ ಸಗಲ್ಲಾ.

ತ್ಸಾವೋ ಪಕ್ಕದ ಜೇನುಪೆಟ್ಟಿಗೆ

ಸಗಲ್ಲಾ ಇರುವುದು ವೋಯಿ ಎಂಬ ಪಟ್ಟಣದ ಹತ್ತಿರ, ತ್ಸಾವೋ ಪೂರ್ವದ ಅಂಚಿನಲ್ಲಿ. ಅಲ್ಲಿ ಹೊಲದ ಸುತ್ತ ಕಂಬ ನೆಟ್ಟು, ಸುಮಾರು ಹತ್ತು ಮೀಟರಿಗೊಂದರಂತೆ ಜೇನುಪೆಟ್ಟಿಗೆ ತೂಗು ಹಾಕುತ್ತಾರೆ. ಎಲ್ಲವನ್ನೂ ಒಂದೇ ತಂತಿಗೆ ಬಿಗಿದಿರುತ್ತಾರೆ. ಖರ್ಚು ಕಡಿಮೆ ಮಾಡಲು ಒಂದು ನಿಜವಾದ ಪೆಟ್ಟಿಗೆ, ಒಂದು ಬರೀ ಹಲಗೆ, ಹೀಗೆ. ಆನೆ ಒಳಗೆ ಬರಲು ತಂತಿಗೆ ಎದೆ ಕೊಟ್ಟರೆ ಪೆಟ್ಟಿಗೆಗಳೆಲ್ಲ ಅಲ್ಲಾಡುತ್ತವೆ, ಜೇನು ಏಳುತ್ತದೆ. ಆನೆ ಚರ್ಮ ದಪ್ಪ ನಿಜ. ಆದರೆ ಕಣ್ಣಿನ ಸುತ್ತ, ಸೊಂಡಿಲಿನ ಒಳಗೆ ಜೇನು ಕಚ್ಚಿದರೆ ತಡೆಯಲಾರದು. ಜೇನಿನ ಸದ್ದು ಕೇಳಿದರೇ ಹಿಂಡು ಹಿಂದಕ್ಕೆ ಸರಿಯುತ್ತದೆ.

ಇದನ್ನು ಪ್ರಯೋಗ ಮಾಡಿ ತೋರಿಸಿದವರು ಲೂಸಿ ಕಿಂಗ್ ಎಂಬ ವಿಜ್ಞಾನಿ, 'ಸೇವ್ ದಿ ಎಲಿಫೆಂಟ್ಸ್' ಸಂಸ್ಥೆಯವರು. ಬೇಲಿ ಪೈರು ಕಾಯುತ್ತದೆ, ಜೇನುತುಪ್ಪ ಮಾರಾಟಕ್ಕೆ ಬರುತ್ತದೆ. ನಮ್ಮಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2021ರಲ್ಲಿ ಕೊಡಗಿನಲ್ಲಿ ಇದೇ ಥರದ್ದನ್ನು ಶುರು ಮಾಡಿತ್ತು, ನಿಮ್ಮಲ್ಲಿ ಕೆಲವರು ಕೇಳಿರಬಹುದು.

ಇದು ಮಂತ್ರದ ಬೇಲಿ ಅಲ್ಲ. ಬರ ಬಿದ್ದ ವರ್ಷ ಹೂವಿಲ್ಲ, ಹೂವಿಲ್ಲದಿದ್ದರೆ ಪೆಟ್ಟಿಗೆಯಲ್ಲಿ ಹುಳು ನಿಲ್ಲುವುದಿಲ್ಲ. ಖಾಲಿ ಪೆಟ್ಟಿಗೆಗೆ ಆನೆ ಹೆದರಬೇಕಾಗಿಲ್ಲ. ಜೇನನ್ನು ನೋಡಿಕೊಳ್ಳಲು ಯಾರಾದರೂ ದಿನಾ ಇರಬೇಕು. ನಾಗರಹೊಳೆ ಅಂಚಿನಲ್ಲಿ ಹಳೆ ರೈಲು ಕಂಬಿಯ ತಡೆಗೋಡೆ, ಕಂದಕ, ಸೋಲಾರ್ ತಂತಿ ಎಲ್ಲ ನೋಡಿದ ನಮಗೆ, ಯಾವುದೂ ಒಂದೇ ಸಾಲದು ಎಂದು ಗೊತ್ತು. ಆದರೂ ಒಂದು ಎಕರೆಯ ರೈತ ತಾನೇ ಕಟ್ಟಿಕೊಳ್ಳಬಹುದಾದ ಬೇಲಿ ಹೇಗಿದೆ, ತಂತಿ ಹೇಗೆ ಬಿಗಿಯುತ್ತಾರೆ, ವರ್ಷಕ್ಕೆ ಎಷ್ಟು ಖರ್ಚು, ಹೆಂಗಸರು ನಿಭಾಯಿಸುತ್ತಾರಾ, ಇದನ್ನು ಕಣ್ಣಾರೆ ನೋಡಬೇಕು. ಎರಡು ದಿನ ಅದಕ್ಕೇ ಮೀಸಲಿಟ್ಟಿದ್ದೇವೆ.

ವೋಯಿಗೆ ನೈರೋಬಿಯಿಂದ ರೈಲಿದೆ. 2017ರಲ್ಲಿ ಶುರುವಾದ ಹೊಸ ಮಾರ್ಗ, ತ್ಸಾವೋ ಕಾಡಿನ ನಡುವೆಯೇ ಹೋಗುತ್ತದೆ. ಆನೆ ದಾಟಲು ಹಳಿಯ ಕೆಳಗೆ ದಾರಿ ಬಿಟ್ಟಿದ್ದಾರೆ. ಇದೇ ಭಾಗದಲ್ಲಿ ಬ್ರಿಟಿಷರ ಕಾಲದ ಹಳೆ ರೈಲು ಹಾಕಲು 1896ರಿಂದ ಭಾರತದಿಂದ ಸಾವಿರಾರು ಕೂಲಿಗಳನ್ನು ಕರೆದೊಯ್ದಿದ್ದರು. 1898ರಲ್ಲಿ ತ್ಸಾವೋ ನದಿಗೆ ಸೇತುವೆ ಕಟ್ಟುವಾಗ ಕೇಸರವಿಲ್ಲದ ಎರಡು ಗಂಡು ಸಿಂಹಗಳು ರಾತ್ರಿ ಡೇರೆಗೆ ನುಗ್ಗಿ ಕೂಲಿಗಳನ್ನು ಎಳೆದೊಯ್ದವು. ಕೆಲಸವೇ ನಿಂತುಹೋಗಿತ್ತು. ಆ ಸಿಂಹಗಳನ್ನು ಇವತ್ತಿಗೂ ಅಮೆರಿಕದ ಶಿಕಾಗೋ ನಗರದ ಫೀಲ್ಡ್ ಮ್ಯೂಸಿಯಮ್ಮಿನಲ್ಲಿ ನೋಡಬಹುದು. ಸತ್ತ ಕೂಲಿಗಳ ಹೆಸರು ಮಾತ್ರ ಯಾರ ಬಾಯಲ್ಲೂ ಇಲ್ಲ. ಆಗ ಹೋಗಿ ಅಲ್ಲೇ ನಿಂತವರ, ಆಮೇಲೆ ವ್ಯಾಪಾರಕ್ಕೆ ಹೋದವರ ಸಂತತಿಯನ್ನು ಕೀನ್ಯಾ ಸರ್ಕಾರ 2017ರಲ್ಲಿ ದೇಶದ 44ನೇ ಬುಡಕಟ್ಟು ಎಂದು ಗುರುತಿಸಿತು.

ಕಾಡು ಯಾರದು?

ಸೆರೆಂಗೆಟಿಯನ್ನು ಈ ಸಲ ಬಿಡಲು ದುಡ್ಡು ಒಂದು ಕಾರಣ. ಇನ್ನೊಂದೂ ಇದೆ. ಸೆರೆಂಗೆಟಿ 1951ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. 1959ರಲ್ಲಿ ಅಲ್ಲಿನ ದನಗಾಹಿ ಮಸಾಯಿಗಳನ್ನು ಹೊರಗೆ ಕಳಿಸಿ, ಪಕ್ಕದ ಗೊರೊಂಗೊರೊದಲ್ಲಿ ದನದ ಜತೆ ಬದುಕಬಹುದು ಎಂದು ಮಾತು ಕೊಟ್ಟರು. ಈಗ ಗೊರೊಂಗೊರೊದಿಂದಲೂ ಅವರನ್ನು ಸುಮಾರು 600 ಕಿಲೋಮೀಟರ್ ದೂರದ ಮ್ಸೊಮೆರಾಕ್ಕೆ ಸಾಗಿಸುವ ಯೋಜನೆ ನಡೆದಿದೆ. ಹೋಗುವವರು ಇಷ್ಟಪಟ್ಟೇ ಹೋಗುತ್ತಿದ್ದಾರೆ ಎನ್ನುತ್ತದೆ ಸರ್ಕಾರ. ಶಾಲೆ, ಆಸ್ಪತ್ರೆಗೆ ಬರುವ ಹಣ ಕಡಿಮೆ ಮಾಡಿ ಏಳಿಸುತ್ತಿದ್ದಾರೆ ಎನ್ನುತ್ತಾರೆ ಮಸಾಯಿಗಳು. 2022ರ ಜೂನ್‌ನಲ್ಲಿ ಪಕ್ಕದ ಲೊಲಿಯೊಂಡೊದಲ್ಲಿ 1,500 ಚದರ ಕಿಲೋಮೀಟರಿಗೆ ಗಡಿಕಲ್ಲು ನೆಡುವಾಗ ಪೊಲೀಸರಿಗೂ ಜನರಿಗೂ ಘರ್ಷಣೆಯಾಗಿ ಎಷ್ಟೋ ಮಂದಿ ಕೀನ್ಯಾಕ್ಕೆ ಓಡಿಬಂದರು.

ನಾಗರಹೊಳೆಯ ಜೇನುಕುರುಬರ ಹಾಡಿಗಳ ಪಕ್ಕದಲ್ಲೇ ಬೆಳೆದ ನಮಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಹಾಗಂತ ಅಲ್ಲಿಗೆ ಹೋಗುವವರು ಕೆಟ್ಟವರು ಎಂದು ನಾವು ಹೇಳುವುದಿಲ್ಲ. ಅಲ್ಲಿಯೂ ಗೈಡು, ಅಡಿಗೆಯವರು, ಡ್ರೈವರುಗಳ ಹೊಟ್ಟೆಪಾಡು ಪ್ರವಾಸಿಗರಿಂದಲೇ.

ಕೀನ್ಯಾದ ಮಾರಾ ಸುತ್ತ ಇನ್ನೊಂದು ದಾರಿ ಹುಡುಕಿದ್ದಾರೆ. ಮಸಾಯಿಗಳ ಹೆಸರಿನಲ್ಲಿ ಪಟ್ಟಾ ಇರುವ ಜಮೀನುಗಳನ್ನು ಒಟ್ಟುಗೂಡಿಸಿ ಕನ್ಸರ್ವೆನ್ಸಿ ಎಂದು ಮಾಡುತ್ತಾರೆ. ಜಮೀನು ರೈತನದೇ. ಪ್ರವಾಸಿ ಕ್ಯಾಂಪಿನವರು ಎಕರೆ ಲೆಕ್ಕದಲ್ಲಿ ಬಾಡಿಗೆ ಕೊಡುತ್ತಾರೆ. ಬದಲಿಗೆ ಅಲ್ಲಿ ಬೇಲಿ ಹಾಕುವಂತಿಲ್ಲ, ಉಳುವಂತಿಲ್ಲ. ದನ ಮೇಯಿಸಲು ಸರದಿ ಇರುತ್ತದೆ. ಎಷ್ಟು ಜಮೀನಿಗೆ ಎಷ್ಟು ಡೇರೆ ಎಂಬ ಮಿತಿಯೂ ಇದೆ. ನಬೋಯಿಶೊ, ಓಲಾರೆ ಮೊಟೊರೊಗಿ, ಮಾರಾ ನಾರ್ತ್ ಇಂಥವು. ಇದರ ನೋವು ಏನೆಂದರೆ, ಪ್ರವಾಸಿಗರು ಬಂದರೆ ಮಾತ್ರ ಬಾಡಿಗೆ. 2020ರಲ್ಲಿ ಕೊರೊನಾ ಬಂದು ವಿಮಾನ ನಿಂತಾಗ ಬಾಡಿಗೆಯೂ ಇಳಿಯಿತು. ಆದರೂ ಆನೆ ಓಡಾಡುವ ನೆಲಕ್ಕೆ ತಿಂಗಳ ಬಾಡಿಗೆ ಬರುತ್ತದೆ ಎಂಬ ಮಾತೇ ನಮ್ಮೂರ ಜನರಿಗೆ ಹೊಸದು. ಎರಡು ರಾತ್ರಿ ಅಂಥ ಕಡೆ ಇರುತ್ತೇವೆ. ರಸೀದಿ, ಒಪ್ಪಂದದ ಕಾಗದ ತೋರಿಸುತ್ತಾರಾ ಎಂದು ಕೇಳಿ ನೋಡುತ್ತೇವೆ.

ನಡುವೆ ಎರಡು ದಿನ ಅಂಬೋಸೆಲಿ, 392 ಚದರ ಕಿಲೋಮೀಟರಿನ ಪುಟ್ಟ ಉದ್ಯಾನ. ಕಿಲಿಮಂಜಾರೊ ಬೆಟ್ಟ ಇರುವುದು ತಾಂಜಾನಿಯಾದಲ್ಲಿ, ಆದರೆ ಚೆನ್ನಾಗಿ ಕಾಣುವುದು ಇಲ್ಲಿಂದ. 5,895 ಮೀಟರ್ ಎತ್ತರ, ತುದಿಯಲ್ಲಿ ಹಿಮ. 1972ರಿಂದ ಇಲ್ಲಿಯ ಆನೆಗಳನ್ನು ಒಂದೊಂದನ್ನೂ ಕಿವಿಯ ಹರಕಿನಿಂದ ಗುರುತಿಟ್ಟು, ಹೆಸರಿಟ್ಟು, ಯಾವ ಹಿಂಡು ಯಾವ ಮುದುಕಿಯ ಮಾತು ಕೇಳುತ್ತದೆ ಎಂದು ಬರೆದಿಡುತ್ತಿದ್ದಾರೆ. ಈ ಕೆಲಸ ಶುರು ಮಾಡಿದವರು ಸಿಂಥಿಯಾ ಮಾಸ್. ನಮ್ಮೂರಲ್ಲೂ ಪುಂಡಾನೆಗೆ ಹೆಸರಿಡುತ್ತೇವೆ. ಆದರೆ ಅದು ಬೈಯಲು.

ಕೀನ್ಯಾದಲ್ಲಿ ಬೇಟೆ 1977ರಿಂದ ನಿಷೇಧ. ಕಾಡುಪ್ರಾಣಿಯಿಂದ ಸತ್ತರೆ ಕುಟುಂಬಕ್ಕೆ 50 ಲಕ್ಷ ಶಿಲಿಂಗ್ ಕೊಡಬೇಕು ಎಂದು 2013ರ ಕಾನೂನು ಹೇಳುತ್ತದೆ. ನಮ್ಮ ರೂಪಾಯಿಯಲ್ಲಿ 30 ಲಕ್ಷಕ್ಕೂ ಮೇಲೆ. ಕಾಗದದಲ್ಲಿ ದೊಡ್ಡ ಮೊತ್ತ. ಆದರೆ ವರ್ಷಗಟ್ಟಲೆ ಕಾಯುತ್ತಿರುವ ಕುಟುಂಬಗಳಿವೆ. ಚಿಕ್ಕಮ್ಮನಿಗೆ ಇದನ್ನು ಓದಿ ಹೇಳಿದಾಗ 'ಅಲ್ಲೂ ಹಂಗೇನಾ' ಎಂದರು.

ದುಡ್ಡಿನ ಲೆಕ್ಕ

ಡಾಲರಿಗೆ 90 ರೂಪಾಯಿ ಎಂದು ಹಿಡಿದು, ಒಬ್ಬರಿಗೆ ನಾವು ಹಾಕಿಕೊಂಡ ಅಂದಾಜು ಇದು:

ವಿಮಾನ, ಹೋಗಿ ಬರಲು: 52,000
ಗಾಡಿ, ಡ್ರೈವರ್, ಡೀಸೆಲ್, ಐದು ಪಾಲಿನಲ್ಲಿ ಒಂದು ಪಾಲು: 28,000
ಉದ್ಯಾನಗಳ ಶುಲ್ಕ: 42,000
ಎಂಟು ರಾತ್ರಿ ಡೇರೆ, ಊಟ: 56,000
ಪ್ರವೇಶ ಅನುಮತಿ, ಲಸಿಕೆ, ವಿಮೆ: 10,000
ಡ್ರೈವರಿಗೆ ಭಕ್ಷೀಸು, ರೈಲು, ಕೈಖರ್ಚು: 12,000

ಒಟ್ಟು 2 ಲಕ್ಷ. ಖಾತೆಯ 1 ಲಕ್ಷ 80 ಸಾವಿರಕ್ಕೆ ತಲಾ 20 ಸಾವಿರ ಮೇಲೆ ಹಾಕಬೇಕು. ಇದು ಕೈ ಬಿಗಿ ಹಿಡಿದ ಲೆಕ್ಕ. ಐದು ಜನ ಇರುವುದರಿಂದಲೇ ಸಾಧ್ಯ. ಸಫಾರಿ ಗಾಡಿಯ ಬಾಡಿಗೆ ತಲೆಗಲ್ಲ, ದಿನಕ್ಕೆ. ಇಬ್ಬರು ಹೋದರೂ ಅಷ್ಟೇ, ಆರು ಜನ ಹೋದರೂ ಅಷ್ಟೇ. ತಲೆ ಹೆಚ್ಚಾದಷ್ಟೂ ಪಾಲು ಕಡಿಮೆ, ಆದರೆ ಪ್ರತಿಯೊಬ್ಬರಿಗೂ ಕಿಟಕಿ ಸೀಟು ಇದೆಯಾ ಎಂದು ಕೇಳಿಕೊಳ್ಳಬೇಕು.

ಇನ್ನೊಂದು ಮಾತು. ಉದ್ಯಾನದ ಶುಲ್ಕ ಪ್ಯಾಕೇಜಿನಲ್ಲಿ ಸೇರಿದೆಯಾ ಇಲ್ಲವಾ ಎಂದು ಬರಹದಲ್ಲಿ ತೆಗೆದುಕೊಳ್ಳಿ. ಅಗ್ಗದ ದರ ಹೇಳುವವರು ಶುಲ್ಕ ಬಿಟ್ಟು ಹೇಳಿರುತ್ತಾರೆ. ಶುಲ್ಕ ಆಗಾಗ ಬದಲಾಗುತ್ತದೆ, ಕಟ್ಟುವ ವಾರದ ದರವನ್ನು ಅಧಿಕೃತ ಜಾಲತಾಣದಲ್ಲೇ ನೋಡಿ. ಕೀನ್ಯಾದ ರಾಷ್ಟ್ರೀಯ ಉದ್ಯಾನಗಳ ಗೇಟಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ.

ಕಾಗದ, ಸೂಜಿ, ಚೀಲ

ಪಾಸ್‌ಪೋರ್ಟ್ ಶುಲ್ಕ 1,500 ರೂಪಾಯಿ. ಈಗ ಅನೇಕ ಜಿಲ್ಲಾ ಕೇಂದ್ರಗಳ ಅಂಚೆ ಕಚೇರಿಯಲ್ಲೇ ಆಗುತ್ತದೆ. ಆಧಾರ್, ಅಂಕಪಟ್ಟಿ ಎರಡರಲ್ಲೂ ಹೆಸರಿನ ಇನಿಶಿಯಲ್ ಒಂದೇ ಥರ ಇರಲಿ. ಕೀನ್ಯಾಕ್ಕೆ 2024ರ ಜನವರಿಯಿಂದ ವೀಸಾ ಇಲ್ಲ, ಅದರ ಬದಲು ಇಟಿಎ ಎಂಬ ಅನುಮತಿಯನ್ನು ಆನ್‌ಲೈನಿನಲ್ಲಿ ಮೊದಲೇ ಪಡೆಯಬೇಕು. ಶುಲ್ಕ 30 ಡಾಲರ್ ಆಸುಪಾಸು.

ಎಲ್ಲಕ್ಕಿಂತ ಮುಖ್ಯ ಹಳದಿ ಜ್ವರದ ಲಸಿಕೆ. ಕಾಮಾಲೆ ಅಲ್ಲ, ಇದು ಸೊಳ್ಳೆಯಿಂದ ಬರುವ ಬೇರೆ ಕಾಯಿಲೆ. ನಮ್ಮ ದೇಶದಲ್ಲಿ ಇಲ್ಲ, ಬರಬಾರದು ಎಂದೇ ಕಟ್ಟುನಿಟ್ಟು. ಕೀನ್ಯಾದಿಂದ ಮರಳುವಾಗ ಲಸಿಕೆಯ ಹಳದಿ ಕಾರ್ಡ್ ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ ಆರು ದಿನದವರೆಗೆ ಪ್ರತ್ಯೇಕ ಇಡಬಹುದು. ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು, ಸರ್ಕಾರ ಗೊತ್ತುಮಾಡಿದ ಕೇಂದ್ರದಲ್ಲೇ ಹಾಕಿಸಬೇಕು. ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು. ಮೊಟ್ಟೆ ಅಲರ್ಜಿ ಇದ್ದವರು, ಗರ್ಭಿಣಿಯರು, 60 ದಾಟಿದವರು ಮೊದಲು ಡಾಕ್ಟರನ್ನು ಕೇಳಬೇಕು. ಮಲೇರಿಯಾ ಮಾತ್ರೆಯೂ ಡಾಕ್ಟರ್ ಹೇಳಿದಂತೆ.

ಪ್ಲಾಸ್ಟಿಕ್ ಕೈಚೀಲ ಕೀನ್ಯಾದಲ್ಲಿ 2017ರಿಂದ ನಿಷೇಧ, ದಂಡ ದೊಡ್ಡದು. ಅಮ್ಮಂದಿರು ಚಟ್ನಿಪುಡಿ, ಉಪ್ಪಿನಕಾಯಿ ಕವರಿನಲ್ಲಿ ಕಟ್ಟಿಕೊಡುವ ಮೊದಲೇ ನಾವು ಸ್ಟೀಲ್ ಡಬ್ಬಿ ತೆಗೆದಿಟ್ಟಿದ್ದೇವೆ. ಕಡುನೀಲಿ, ಕಪ್ಪು ಬಟ್ಟೆ ಬೇಡ. ತ್ಸೆತ್ಸೆ ನೊಣಕ್ಕೆ ಆ ಬಣ್ಣ ಎಂದರೆ ಪ್ರೀತಿ, ಅದನ್ನು ಹಿಡಿಯುವ ಬಲೆಯನ್ನೂ ನೀಲಿ ಕಪ್ಪು ಬಟ್ಟೆಯಲ್ಲೇ ಹೊಲಿಯುತ್ತಾರೆ. ಸ್ವೆಟರ್ ಬೇಕೇ ಬೇಕು. ಆಫ್ರಿಕಾ ಅಂದರೆ ಬಿಸಿಲು ಎನ್ನುತ್ತೇವೆ, ಆದರೆ ನೈರೋಬಿ ಇರುವುದೇ ಸುಮಾರು 1,700 ಮೀಟರ್ ಎತ್ತರದಲ್ಲಿ. ಮಡಿಕೇರಿಗಿಂತ ಮೇಲೆ.

ಊಟದ ಚಿಂತೆ ನಮಗಿಲ್ಲ. ಅಲ್ಲಿಯ ದಿನದ ಊಟ ಉಗಾಲಿ, ಮುಸುಕಿನ ಜೋಳದ ಹಿಟ್ಟಿನ ಮುದ್ದೆ. ಮುರಿದು, ಕೈಯಲ್ಲಿ ಒತ್ತಿ, ಸೊಪ್ಪಿನ ಪಲ್ಯದ ಜತೆ ತಿನ್ನುತ್ತಾರೆ. ರಾಗಿಗೆ ವಿಂಬಿ ಎನ್ನುತ್ತಾರೆ, ಅದರ ಗಂಜಿ ಬೆಳಗಿನ ತಿಂಡಿ. ನಾವು ನಮ್ಮದೇ ಅಂದುಕೊಂಡ ರಾಗಿ ಮೊದಲು ಪಳಗಿದ್ದೇ ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ. ಸಾವಿರಾರು ವರ್ಷ ಹಿಂದೆ ಅಲ್ಲಿಂದ ಇಲ್ಲಿಗೆ ಬಂತು. ಆ ಕಾಳನ್ನು ಕಾಯಲು ರಾತ್ರಿ ಎದ್ದು ಕೂರುವ ಕಷ್ಟವೂ ಎರಡೂ ಕಡೆ ಒಂದೇ ಆಗಿದೆ.

ನೋಟ್‌ಬುಕ್ಕಿನಲ್ಲಿ ಇರುವುದು

ಪ್ರಾಣಿಗಳ ಪಟ್ಟಿ ಒಂದು ಪುಟ ಇದೆ. ಉಳಿದ ಪುಟಗಳಲ್ಲಿ ಕೇಳಬೇಕಾದ ಪ್ರಶ್ನೆಗಳು. ರಾತ್ರಿ ಕಾವಲಿಗೆ ಯಾರು ಹೋಗುತ್ತಾರೆ, ಒಬ್ಬರೇ ಹೋಗುತ್ತಾರಾ? ಆನೆ ಬಂದ ಸುದ್ದಿ ಊರಿಗೆ ಹೇಗೆ ಮುಟ್ಟುತ್ತದೆ? ಪೆಟ್ಟಿಗೆಗೆ ಯಾವ ಮರ? ಬೇಸಿಗೆಯಲ್ಲಿ ಜೇನಿಗೆ ನೀರು ಎಲ್ಲಿಡುತ್ತಾರೆ? ಮಕ್ಕಳು ಶಾಲೆಗೆ ಯಾವ ಹೊತ್ತಿಗೆ ಹೊರಡುತ್ತಾರೆ? ಮನೆಯವರನ್ನು ಕಳೆದುಕೊಂಡವರು ಮತ್ತೆ ಹೊಲಕ್ಕೆ ಹೋಗಲು ಎಷ್ಟು ದಿನ ಬೇಕಾಯಿತು? ಕೊನೆಯದನ್ನು ಚಿಕ್ಕಮ್ಮ ಹೇಳಿ ಬರೆಸಿದ್ದು.

ನದಿ ನೋಡುವ ಆಸೆಯವಳಿಗೆ ಒಂದು ಮಾತು ಕೊಟ್ಟಿದ್ದೇವೆ. ವಾಪಸು ಬಂದ ತಿಂಗಳಿಂದಲೇ ಖಾತೆಗೆ ಮತ್ತೆ ದುಡ್ಡು ಹಾಕುವುದು, ಈ ಸಲ ಆಗಸ್ಟಿಗೆ. ಮಾರಾದಲ್ಲಿ ಜನವರಿಯಲ್ಲೂ ಸಿಂಹ, ಚೀತಾ, ಜಿರಾಫೆ ಇರುತ್ತವೆ, ನದಿಯೂ ಹರಿಯುತ್ತಿರುತ್ತದೆ. ದಾಟುವವು ಮಾತ್ರ ಆಗ ಸೆರೆಂಗೆಟಿಯ ತೆಂಕಣ ಬಯಲಿನಲ್ಲಿ ಕರು ಹಾಕುತ್ತಿರುತ್ತವೆ.

ನಿಮ್ಮ ಹೊಲಕ್ಕೂ ದೊಡ್ಡದು ಬರುತ್ತಿದ್ದರೆ, ಅಲ್ಲಿಯ ರೈತರಿಗೆ ಕೇಳಬೇಕಾದ್ದು ಏನಾದರೂ ಇದ್ದರೆ, ಸಂಕ್ರಾಂತಿಯೊಳಗೆ ನಮ್ಮಲ್ಲಿ ಯಾರಿಗಾದರೂ ಹೇಳಿ. ನೋಟ್‌ಬುಕ್ಕಿನಲ್ಲಿ ಇನ್ನೂ ಹಾಳೆ ಇದೆ.